‘ಹಾರ್ವಿ’ಯ ಮೊಲವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಪ್ರಶ್ನೆ (ಚಿಕ್ಕಮಗಳೂರಿನಿಂದ):
ಕಳೆದ ಭಾನುವಾರ ಮಳೆ ಬಿಡದೆ ಸುರಿಯುತ್ತಿದ್ದಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, 1950ರ ‘ಹಾರ್ವಿ’ ಚಿತ್ರದ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಜೇಮ್ಸ್ ಸ್ಟೀವರ್ಟ್ ಅವರ ಎಲ್ವುಡ್, ಉಳಿದವರ ಕಣ್ಣಿಗೆ ಕಾಣದ ಆರು ಅಡಿ ಮೂರೂವರೆ ಇಂಚಿನ ಮೊಲಕ್ಕೆ ಬಾಗಿಲು ಹಿಡಿದು ದಾರಿ ಬಿಡುವುದನ್ನು ನೋಡಿ, ಇದು ದೆವ್ವವೋ, ಇವನಿಗೇ ತಲೆ ಕೆಟ್ಟಿದೆಯೋ ಎಂದು ಅಜ್ಜಿ ಕೇಳಿದರು. ಚಿತ್ರದಲ್ಲಿರುವ ಪದ ‘ಪೂಕಾ’. ನಾನು ‘ಭೂತ’ ಎಂದುಬಿಟ್ಟೆ. ಅಲ್ಲಿಯವರೆಗೆ ನಗುತ್ತಿದ್ದ ಅಜ್ಜಿ ಸುಮ್ಮನಾದರು. ಸರಿಯಾದ ಪದ ಯಾವುದು?

ಉತ್ತರ (ಸಕಲೇಶಪುರದಿಂದ):
ನಮ್ಮ ಕಡೆ ಭೂತವೆಂದರೆ ಹರಕೆ ಹೊತ್ತು, ಭಯಭಕ್ತಿಯಿಂದ ನಡೆದುಕೊಳ್ಳುವ ಶಕ್ತಿ. ಅಜ್ಜಿ ಸುಮ್ಮನಾದದ್ದು ಸಹಜ. ಪೂಕಾ ಐರಿಶ್ ಜನಪದ ಕತೆಗಳ ಜೀವಿ. ಪ್ರಾಣಿರೂಪ ತಾಳುವುದು, ಚೇಷ್ಟೆ ಮಾಡುವುದು ಅದರ ಸ್ವಭಾವ. ಮಾನಸಿಕ ಆಸ್ಪತ್ರೆಯ ನೌಕರ ವಿಲ್ಸನ್ ವಿಶ್ವಕೋಶದಲ್ಲಿ ಆ ಪದದ ಅರ್ಥ ಓದುತ್ತಿರುವಾಗ, ಪುಟವೇ ಅವನ ಹೆಸರು ಹಿಡಿದು ಯೋಗಕ್ಷೇಮ ವಿಚಾರಿಸುತ್ತದೆಯಲ್ಲ, ಆ ತುಂಟತನ ‘ಭೂತ’ದಲ್ಲಿ ಬರುವುದಿಲ್ಲ. ಮಹಾಭಾರತದಲ್ಲಿ ಕೊಳದ ಬಳಿ ಬಕಪಕ್ಷಿಯಾಗಿ ಕಾಣಿಸಿಕೊಂಡವನನ್ನು ನೆನೆದರೆ, ‘ಯಕ್ಷ’ ಹತ್ತಿರದ ಪದವೆಂದು ನನಗೆ ತೋರುತ್ತದೆ.

ಉತ್ತರ (ಹಾಸನದಿಂದ):
ಯಕ್ಷ ಪ್ರಶ್ನೆ ಕೇಳುತ್ತಾನೆ, ಉತ್ತರಿಸದವರನ್ನು ಉರುಳಿಸುತ್ತಾನೆ. ಹಾರ್ವಿ ಯಾರನ್ನೂ ಪರೀಕ್ಷಿಸುವುದಿಲ್ಲ. ‘ಪೂಕಾ’ ಎಂದೇ ಉಳಿಸಿ. ಆದರೆ ಅಜ್ಜಿಯ ಪ್ರಶ್ನೆ ಪದಕ್ಕಿಂತ ದೊಡ್ಡದು, ಅದಕ್ಕೆ ಉತ್ತರ ಚಿತ್ರದಲ್ಲೇ ಇದೆ. ತಮ್ಮ ಎಲ್ವುಡ್‌ಗೆ ಆ ಆಸ್ಪತ್ರೆಯಲ್ಲಿ ಮೊಲ ಮರೆಯಾಗುವ ಚುಚ್ಚುಮದ್ದು ಕೊಡಿಸಲು ಹೊರಟ ಅಕ್ಕ ವೀಟಾಗೆ ಟ್ಯಾಕ್ಸಿಯ ಬಾಡಿಗೆ ಕೊಡಲು ಚಿಲ್ಲರೆಯ ಪರ್ಸ್ ಸಿಗುವುದಿಲ್ಲ. ಹಣ ಕೊಡಲು ಎಲ್ವುಡ್ ಹೊರಬರುತ್ತಾನೆ. ಬರುವಾಗ ಹಕ್ಕಿ, ಸೂರ್ಯಾಸ್ತ ನೋಡುತ್ತಾ ನಗುನಗುತ್ತಾ ಬಂದವರು ಆ ಮದ್ದಿನ ನಂತರ ಸಿಡುಕುತ್ತಾ ಮರಳುತ್ತಾರೆಂದು ಚಾಲಕ ಹೇಳುತ್ತಾನೆ. ವೀಟಾ ಓಡಿಹೋಗಿ ಚುಚ್ಚುಮದ್ದು ನಿಲ್ಲಿಸುತ್ತಾಳೆ. ಆಮೇಲೆ ಪರ್ಸ್ ಅದೇ ಚೀಲದಲ್ಲೇ ಇರುತ್ತದೆ! ಹುಚ್ಚಾಗಿದ್ದರೆ ಪರ್ಸ್ ಅಡಗುತ್ತಿರಲಿಲ್ಲ, ದೆವ್ವವಾಗಿದ್ದರೆ ಕಾಪಾಡುತ್ತಿರಲಿಲ್ಲ. ಮೇರಿ ಚೇಸ್ ಅವರ ಮೂಲ ನಾಟಕಕ್ಕೆ 1945ರಲ್ಲಿ ಪುಲಿಟ್ಜರ್ ಬಂದಿತು. ರಂಗದ ಮೇಲೂ ವೀಟಾ ಆಗಿದ್ದ ಜೋಸೆಫೀನ್ ಹಲ್ ಅವರಿಗೆ ಈ ಚಿತ್ರಕ್ಕಾಗಿ ಆಸ್ಕರ್ ದೊರೆಯಿತು. ಚೀಲ ತಡಕುವಾಗಿನ ಅವರ ಗಾಬರಿಯ ಮುಖವನ್ನು ಅಜ್ಜಿಗೆ ಇನ್ನೊಮ್ಮೆ ತೋರಿಸಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ಆ ದೃಶ್ಯವನ್ನು ಮತ್ತೆ ತೋರಿಸಿದೆ. ಪರ್ಸ್ ಸಿಕ್ಕಿದೊಡನೆ ಅಜ್ಜಿ, ‘ಮೊಲರಾಯನದೇ ಕೆಲಸ’ ಎಂದರು. ಇನ್ನು ನಮ್ಮ ಮನೆಯಲ್ಲಿ ಅದೇ ಹೆಸರು.