ಸಹಾಯ ಬೇಕು: ‘ಹೈಡ್’ ಎಂಬ ಭೂ ಅಳತೆಗೆ ಕನ್ನಡ ಪದ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಆರಂಭಿಕ ಕ್ರೈಸ್ತ ಮಠಗಳ ಕುರಿತು ಲೇಖನ ಬರೆಯುತ್ತಿದ್ದು, ಒಂದು ಪದದ ವಿಷಯದಲ್ಲಿ ತಮ್ಮ ನೆರವು ಬೇಕಾಗಿದೆ. ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯಾ ರಾಜ್ಯದ ದೊರೆ ಎಕ್‌ಫ್ರಿತ್ 674ರ ಸುಮಾರಿಗೆ ಕ್ರೈಸ್ತ ಸನ್ಯಾಸಿ ಬೆನೆಡಿಕ್ಟ್ ಬಿಸ್ಕಪ್‌ನಿಗೆ ವೇರ್‌ಮತ್ ಮಠಕ್ಕೆಂದು 70 ಹೈಡ್ ಭೂಮಿಯನ್ನೂ, ಕೆಲವು ವರ್ಷಗಳ ಬಳಿಕ ಜಾರೋ ಮಠಕ್ಕೆಂದು 40 ಹೈಡ್ ಭೂಮಿಯನ್ನೂ ದತ್ತಿ ಬಿಟ್ಟನು. ಜಾರೋ ಚರ್ಚಿನ ಪ್ರತಿಷ್ಠಾಪನಾ ಶಿಲೆ ಇಂದಿಗೂ ಅಲ್ಲಿಯೇ ಇದೆ. ಅದರ ಲ್ಯಾಟಿನ್ ಬರಹದಲ್ಲಿ ಎಕ್‌ಫ್ರಿತ್‌ನ ಆಳ್ವಿಕೆಯ 15ನೇ ವರ್ಷವೆಂದು ಕಾಲ ನಮೂದಾಗಿದೆ. ಪ್ರತಿಷ್ಠಾಪನೆಯಾದ ದಿನ 685ರ ಏಪ್ರಿಲ್ 23. ತಿಂಗಳು ತುಂಬುವ ಮೊದಲೇ ದೊರೆ ಈಗಿನ ಸ್ಕಾಟ್ಲೆಂಡಿನಲ್ಲಿದ್ದ ಪಿಕ್ಟ್ ಜನರೊಡನೆ ಕಾದಾಡಿ ಮಡಿದನೆಂಬುದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಹೈಡ್ ಎಂದರೆ ಒಂದು ಕುಟುಂಬದ ಜೀವನಕ್ಕೆ ಸಾಲುವಷ್ಟು ನೆಲವೇ ಹೊರತು ನಿಗದಿತ ವಿಸ್ತೀರ್ಣವಲ್ಲವಾದ್ದರಿಂದ, ನಮ್ಮ ಶಾಸನಗಳ ‘ಮತ್ತರು’ ಎಂಬ ಭೂ ಅಳತೆ ಇಲ್ಲಿ ಹೊಂದದೆಂದು ನನ್ನ ಅನಿಸಿಕೆ. ‘70 ಒಕ್ಕಲಿನ ಭೂಮಿ’ ಎಂದು ಬರೆಯಬಹುದೇ? ಶಾಸನಗಳನ್ನು ಓದಿ ಬಲ್ಲವರು ದಯವಿಟ್ಟು ತಿಳಿಸಿ.