ಪದಚರ್ಚೆ: ಫ್ಲಾಕ್ ‘ತೇಲುತ್ತದೆ’ ಎಂದರೆ ಯಾವ ಅರ್ಥದಲ್ಲಿ?

ಪ್ರಶ್ನೆ: ಕುಡಿಯುವ ನೀರಿನ ಶುದ್ಧೀಕರಣ ಘಟಕದ ಆಪರೇಟರುಗಳಿಗೆ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಆಲಂ (ಪಟಿಕ) ಬೆರೆತಾಗ ಮಣ್ಣಿನ ಕಣಗಳು ಕೂಡಿಕೊಂಡು ಆಗುವ ಫ್ಲಾಕ್‌ಗೆ ‘ಗರಣೆ’ ಎನ್ನಬಹುದೇ? ತಳಕ್ಕಿಳಿಯಬೇಕಾದ ಅದು ಕ್ಲಾರಿಫೈಯರ್‌ನಲ್ಲಿ (ನೀರು ತಿಳಿಯಾಗುವ ತೊಟ್ಟಿಯಲ್ಲಿ) ಮೇಲೆಯೇ ಉಳಿದರೆ ‘ಗರಣೆ ತೇಲುವುದು’ ಎಂದರೆ ಸಾಕೇ? ಬಲ್ಲವರು ತಿಳಿಸಿ.

ಉತ್ತರ: ‘ಗರಣೆ’ ಎಂದರೆ ಗಟ್ಟಿಯಾದ ರಕ್ತ ನೆನಪಾಗುತ್ತದೆ. ಫ್ಲಾಕ್ ಹಾಗಲ್ಲ, ತುಸು ಜೋರಾಗಿ ಕಲಕಿದರೂ ಒಡೆದುಹೋಗುವ ಸಡಿಲ ಮುದ್ದೆ. ಘಟಕದಲ್ಲಿ ಎಲ್ಲರ ಬಾಯಲ್ಲಿರುವ ‘ಫ್ಲಾಕ್’ ಅನ್ನೇ ಉಳಿಸಿಕೊಳ್ಳಿ. ನಿಜವಾದ ತೊಡಕಿರುವುದು ‘ತೇಲು’ವಿನಲ್ಲಿ. ಬೇರೆ ಬೇರೆ ಮೂರು ದೋಷಗಳಿಗೆ ಅದೊಂದನ್ನೇ ಬಳಸಿದರೆ ಆಪರೇಟರ್ ತಪ್ಪು ಮದ್ದು ಹಾಕುತ್ತಾನೆ.

‘ತೇಲು’ವನ್ನು ಗಾಳಿಗುಳ್ಳೆ ಹಿಡಿದ ಫ್ಲಾಕ್‌ಗೆ ಮೀಸಲಿಡಿ. ಗಾಳಿಯೊಡನೆ ಸಮತೋಲದಲ್ಲಿರುವ ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.6 ಮಾತ್ರ. ನೀರು ಬಿಸಿಯಾದರೆ ಹಿಡಿಯಲಾಗದೆ ಉಳಿದದ್ದು ಗುಳ್ಳೆಯಾಗಿ ಹೊರಬಂದು ಫ್ಲಾಕ್‌ಗೆ ಅಂಟುತ್ತದೆ. ಪಂಪಿನ ಸಕ್ಷನ್ ಕಡೆ ಗಾಳಿ ಎಳೆದರೂ, ಹಗಲಲ್ಲಿ ಪಾಚಿ ಆಮ್ಲಜನಕ ಬಿಟ್ಟರೂ ಇದೇ ಪಾಡು. ಪತ್ತೆ ಸುಲಭ: ಮೇಲಿನ ಫ್ಲಾಕ್ ಅನ್ನು ಬೀಕರಿಗೆ ಮೆಲ್ಲಗೆ ತುಂಬಿಕೊಂಡು ಗಾಜಿಗೆ ಬೆರಳಿನಿಂದ ತಟ್ಟಿ. ಗುಳ್ಳೆ ಬಿಟ್ಟುಹೋಗಿ ಫ್ಲಾಕ್ ಮುಳುಗಿದರೆ ಗಾಳಿಯದೇ ಕೈವಾಡ. ಇಲ್ಲಿ ಆಲಂ ಏರಿಸುವುದು ವ್ಯರ್ಥ. ಗುಳ್ಳೆ ಹೋಗುವುದಿಲ್ಲ, ಮೇಲಾಗಿ ಪ್ರತಿ ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರೀಯತೆಯನ್ನು (ಆಮ್ಲವನ್ನು ತಡೆದುಕೊಳ್ಳುವ ನೀರಿನ ಗುಣವನ್ನು) ತಿಂದು ಪಿಎಚ್ ಇಳಿಸುತ್ತದೆ.

ಎಷ್ಟು ಆಲಂ ಬೇಕೆಂದು ಜಾರ್‌ಗಳಲ್ಲಿ ನೋಡುವ ಜಾರ್ ಟೆಸ್ಟ್ ಬಗ್ಗೆಯೂ ಒಂದು ಎಚ್ಚರಿಕೆಯ ಸಾಲು ಸೇರಿಸಿ. ತಣ್ಣನೆಯ ಕಚ್ಚಾನೀರನ್ನು ಬೆಚ್ಚಗಿನ ಲ್ಯಾಬಿನಲ್ಲಿಟ್ಟು ಪರೀಕ್ಷಿಸಿದರೆ, ತೊಟ್ಟಿಯಲ್ಲಿ ಚೆನ್ನಾಗಿ ಇಳಿಯುವ ಫ್ಲಾಕ್ ಕೂಡ ಜಾರ್‌ನಲ್ಲಿ ತೇಲಬಹುದು. ನೀರು ತಂದ ಕೂಡಲೇ, ಅದು ಬಿಸಿಯಾಗುವ ಮೊದಲೇ ಪರೀಕ್ಷೆ ಮುಗಿಸಬೇಕು.

ಎರಡನೆಯದಕ್ಕೆ ‘ಕೆಸರು ಮೇಲೇಳುವುದು’ ಎನ್ನಿ. ಒಮ್ಮೆ ತಳ ಸೇರಿದ ಕೆಸರು ಹೊರಹೋಗದೆ ಕೊಳೆತು, ಅದರಲ್ಲಿ ಹುಟ್ಟಿದ ಅನಿಲ ಅದನ್ನೇ ಎತ್ತಿ ತರುತ್ತದೆ. ಕಪ್ಪು ಹೆಂಟೆ, ಕೊಳೆತ ಮೊಟ್ಟೆಯ ವಾಸನೆ ಇದರ ಗುರುತು. ಕೆಸರನ್ನು ಬೇಗಬೇಗ ಹೊರಬಿಡುವುದೇ ಮದ್ದು. ತಳದ ಕೆಸರನ್ನು ಬಳಿಯುವ ಸ್ಕ್ರೇಪರ್ ತಿರುಗುತ್ತಿದೆಯೇ ಎಂದೂ ನೋಡಬೇಕು.

ಮೂರನೆಯದರಲ್ಲಿ ಫ್ಲಾಕ್ ಹಗುರವೇ ಆಗಿರಬೇಕಿಲ್ಲ. ಹರಿವು ಹೆಚ್ಚಾಗಿ, ಇಲ್ಲವೇ ಒಳಬರುವ ನೀರು ತೊಟ್ಟಿಯ ನೀರಿಗಿಂತ ತುಸು ಬೆಚ್ಚಗಿದ್ದು ಮೇಲ್ಪದರದಲ್ಲೇ ಸಾಗಿ, ಇಳಿಯಲು ಸಮಯ ಸಿಗದೆ ಫ್ಲಾಕ್ ವಿಯರ್ (ತಿಳಿನೀರು ಉಕ್ಕಿ ಹೊರಹೋಗುವ ಅಂಚು) ದಾಟುತ್ತದೆ. ಇದಕ್ಕೆ ‘ಕೊಚ್ಚಿಹೋಗುವುದು’ ಸರಿಯಾದ ಮಾತು. ಫಿಲ್ಟರ್ ಬೇಗ ಕಟ್ಟಿಕೊಳ್ಳತೊಡಗಿದಾಗಲೇ ಹೆಚ್ಚಿನವರಿಗೆ ಇದು ಗೊತ್ತಾಗುವುದು.

ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನು ಬಿಟ್ಟು, ಬೇಕೆಂದೇ ಫ್ಲಾಕ್ ಮೇಲೆ ತಂದು ಕೆನೆಯಂತೆ ತೆಗೆಯುವ ಘಟಕಗಳೂ ಇವೆ. ಪಾಚಿ ತುಂಬಿದ ನೀರಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ‘ತೇಲಿಸುವುದು’ ಎಂದು ಬರೆದರಾಯಿತು, ದೋಷದೊಡನೆ ಗೊಂದಲವಾಗದು.