ಪೋಸ್ಟ್‌ಪೇಯ್ಡ್ ಸಂಪರ್ಕ ಮುಚ್ಚಿಸಿದ ಮೇಲೂ ಬರುತ್ತಿರುವ ಬಿಲ್ಲು: ಕಟ್ಟಬೇಕೇ, ತಕರಾರು ಹೂಡಬೇಕೇ?

ಘಟ್ಟದ ಮೇಲಿನವಳು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕಚೇರಿಯ ವ್ಯವಹಾರಕ್ಕೆಂದು ಒಂದು ಪೋಸ್ಟ್‌ಪೇಯ್ಡ್ ಸಂಖ್ಯೆಯನ್ನು ನನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದ್ದೆ. ಶಿರಸಿಗೆ ಮರಳುವ ಮುನ್ನ, ಜನವರಿ 27ರಂದು, ಕಂಪನಿಯ ಮಳಿಗೆಗೆ ಹೋಗಿ ಸಂಪರ್ಕವನ್ನು ಶಾಶ್ವತವಾಗಿ ಕಡಿತಗೊಳಿಸುವಂತೆ ಅರ್ಜಿ ಕೊಟ್ಟೆ. ಅರ್ಜಿಯ ಸಂಖ್ಯೆಯಿರುವ ಸಂದೇಶ ನನ್ನ ಇನ್ನೊಂದು ಮೊಬೈಲಿಗೆ ಬಂದಿದ್ದು, ಅದನ್ನು ಈಗಲೂ ಉಳಿಸಿಕೊಂಡಿದ್ದೇನೆ.

ಆ ಸಂಖ್ಯೆಯ ಮಾಸಿಕ ಬಾಡಿಗೆ 499 ರೂಪಾಯಿ. ತೆರಿಗೆ ಸೇರಿ 588.82. ಬಿಲ್ಲಿನ ಅವಧಿ ಪ್ರತಿ ತಿಂಗಳ 18ರಿಂದ ಮುಂದಿನ ತಿಂಗಳ 17ರವರೆಗೆ. ಅರ್ಜಿ ಕೊಟ್ಟ ನಂತರವೂ ಎರಡು ಪೂರ್ಣ ಅವಧಿಗಳ ಬಿಲ್ಲು ಬಂದಿದೆ. ತಡ ಪಾವತಿ ಶುಲ್ಕವೂ ಸೇರಿ ಬಾಕಿ 1,413.64 ರೂಪಾಯಿ ಎನ್ನುತ್ತಾರೆ. ಸಂಪರ್ಕ ಪಡೆಯುವಾಗ ಕಟ್ಟಿದ್ದ 500 ರೂಪಾಯಿ ಠೇವಣಿಯ ಮಾತೇ ಇಲ್ಲ. ಸಹಾಯವಾಣಿಯಲ್ಲಿ ವಿಚಾರಿಸಿದರೆ, ‘ಅರ್ಜಿಯನ್ನು ಖಚಿತಪಡಿಸಿಕೊಳ್ಳಲು ನಾವು ಮಾಡಿದ ಕರೆಗೆ ತಾವು ಉತ್ತರಿಸದ ಕಾರಣ ಅರ್ಜಿಯನ್ನು ಕೈಬಿಡಲಾಯಿತು’ ಎಂಬ ವಿವರಣೆ ಸಿಕ್ಕಿತು. ಮುಚ್ಚಲು ಕೊಟ್ಟ ಸಂಖ್ಯೆಗೇ ಕರೆ ಮಾಡಿದ್ದರಂತೆ!

ಈಗ ವಸೂಲಿ ಏಜೆಂಟರು ನನ್ನ ತಮ್ಮನಿಗೂ ಕರೆ ಮಾಡುತ್ತಿದ್ದಾರೆ. ಲೋಕ ಅದಾಲತ್‌ಗೆ ಹಾಜರಾಗಬೇಕೆಂಬ ಕಾಗದವೊಂದು ಬಂದಿದ್ದು, ಮನೆಯಲ್ಲಿ ಎಲ್ಲರೂ ಗಾಬರಿಯಾಗಿದ್ದಾರೆ. ಇದೇ ವರ್ಷ ಗೃಹಸಾಲಕ್ಕೆ ಅರ್ಜಿ ಹಾಕುವವರಿದ್ದೇವೆ. ಹಣ ಕಟ್ಟಿ ಮುಗಿಸುವುದೇ ಮೇಲೋ, ತಕರಾರು ಮಾಡಬಹುದೋ, ತಿಳಿದವರು ದಯವಿಟ್ಟು ತಿಳಿಸಿ.

ಹಳೆಯ ಬಿಲ್ ವಿಭಾಗ:

ನಾನು ಕೆಲವು ವರ್ಷ ಒಂದು ಮೊಬೈಲ್ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿದ್ದವನು. ಕಾನೂನನ್ನು ಬಲ್ಲವರಿಗೆ ಬಿಟ್ಟು, ಲೆಕ್ಕವನ್ನಷ್ಟೇ ಹೇಳುತ್ತೇನೆ. ಏಕೆಂದರೆ ಇಂಥ ಜಗಳಗಳಲ್ಲಿ ಲೆಕ್ಕವನ್ನು ಯಾರೂ ಮಾಡಿ ನೋಡುವುದಿಲ್ಲ.

ಜನವರಿ 18ರಿಂದ 27ರವರೆಗೆ ಹತ್ತು ದಿನ. ಆ ಅವಧಿಯಲ್ಲಿ ಒಟ್ಟು 31 ದಿನಗಳಿರುವುದರಿಂದ 499ರ ಹತ್ತು ದಿನದ ಪಾಲು 160.97 ರೂಪಾಯಿ, ಶೇಕಡ 18 ಜಿಎಸ್‌ಟಿ ಸೇರಿದರೆ 189.94. ಠೇವಣಿ 500ರಲ್ಲಿ ಅದನ್ನು ಕಳೆದರೆ ಕಂಪನಿಯೇ ನಿಮಗೆ ಸುಮಾರು 310 ರೂಪಾಯಿ ಕೊಡಬೇಕು. ಇನ್ನು ಕಂಪನಿಯ ಪರವಾಗಿಯೇ ಲೆಕ್ಕ ಹಾಕೋಣ. ಸೇವೆ ಮುಚ್ಚಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಗುಣಮಟ್ಟದ ನಿಯಮಗಳು ಏಳು ದಿನಗಳ ಅವಕಾಶ ಕೊಟ್ಟಿವೆ. ಆ ಏಳು ದಿನಗಳನ್ನೂ ನಿಮ್ಮ ತಲೆಗೆ ಕಟ್ಟಿದರೆ ಫೆಬ್ರುವರಿ 3ರವರೆಗೆ 17 ದಿನವಾಗಿ, ತೆರಿಗೆ ಸೇರಿ 322.90 ಆಗುತ್ತದೆ. ಆಗಲೂ ಠೇವಣಿಯಲ್ಲಿ ಹಣ ಉಳಿಯುತ್ತದೆ.

ಆದರೆ ಒಂದು ವಿಷಯವನ್ನು ಪರಿಶೀಲಿಸಬೇಕು. ಅವಧಿಯ ನಡುವೆ ಸಂಪರ್ಕ ಬಿಟ್ಟರೂ ಆ ತಿಂಗಳ ಪೂರ್ಣ ಬಾಡಿಗೆ ಕೊಡಬೇಕೆಂಬ ಷರತ್ತು ಕೆಲವು ಪ್ಲಾನ್‌ಗಳಲ್ಲಿ ಇರುತ್ತದೆ. ನಿಮ್ಮ ಪ್ಲಾನ್‌ನಲ್ಲಿ ಅದು ಇದ್ದರೆ ಮೊದಲ ಬಿಲ್ಲಿನ 588.82 ಪೂರ್ತಿ ನ್ಯಾಯವಾದದ್ದೇ. ಠೇವಣಿ ಕಳೆದು ನಿಮ್ಮ ಬಾಕಿ 88.82 ರೂಪಾಯಿ. ಅಂದರೆ ಏನೇ ತಿಪ್ಪರಲಾಗ ಹಾಕಿದರೂ ಅದು 1,413.64 ಆಗುವ ದಾರಿಯೇ ಇಲ್ಲ.

ಖಚಿತಪಡಿಸುವ ಕರೆಯ ಕಥೆ ನನಗೆ ಹೊಸದಲ್ಲ. ಬಿಟ್ಟು ಹೋಗುವವರನ್ನು ಉಳಿಸಿಕೊಳ್ಳುವುದೇ ಕೆಲಸವಾಗಿರುವ ತಂಡವೊಂದು ಎಲ್ಲ ಕಂಪನಿಗಳಲ್ಲೂ ಇರುತ್ತದೆ. ಕರೆಗೆ ಉತ್ತರ ಬರದಿದ್ದರೆ ಅರ್ಜಿಯನ್ನು ಮುಗಿದದ್ದೆಂದು ಗುರುತಿಸಿಬಿಡುವುದು ಅವರಿಗೆ ಸುಲಭ. ಅಂಥ ಕರೆ ನಡೆದಿದ್ದರೆ ಅದರ ದಿನಾಂಕ, ಸಮಯ ಮತ್ತು ಯಾವ ಸಂಖ್ಯೆಗೆ ಮಾಡಿದ್ದು ಎಂಬುದನ್ನು ಬರವಣಿಗೆಯಲ್ಲಿ ಕೇಳಿರಿ. ಜೊತೆಗೆ, ಆ ಸಂಖ್ಯೆಗೆ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಆಟೋಪೇ ಅನುಮತಿ ಇದ್ದಲ್ಲಿ, ಅದನ್ನು ಬ್ಯಾಂಕಿನಲ್ಲಿ ಅಥವಾ ಯುಪಿಐ ಆ್ಯಪ್‌ನಲ್ಲಿ ಇಂದೇ ರದ್ದುಗೊಳಿಸಿ. ಸಂಪರ್ಕ ಮುಚ್ಚಿದರೂ ಅನುಮತಿ ತಾನಾಗಿ ಹೋಗುತ್ತದೆ ಎಂದು ನಂಬಬೇಡಿ.

ದಾವಣಗೆರೆಯಿಂದ:

ಮೇಲಿನವರ ಲೆಕ್ಕ ಸರಿಯಿದೆ, ಒಪ್ಪುತ್ತೇನೆ. ಆದರೆ ಗೃಹಸಾಲ ಎದುರಿಗಿರುವಾಗ ಹದಿನಾಲ್ಕು ನೂರು ರೂಪಾಯಿಗಾಗಿ ಇಷ್ಟೆಲ್ಲ ಓಡಾಟ ಬೇಕೇ? ನನ್ನ ಪರಿಚಯದವರೊಬ್ಬರ ಸಿಬಿಲ್ (ಸಾಲ ಮಾಹಿತಿ) ವರದಿಯಲ್ಲಿ ಹಳೆಯ ಮೊಬೈಲ್ ಬಾಕಿಯೊಂದು ಕಾಣಿಸಿಕೊಂಡು, ಬ್ಯಾಂಕಿನವರು ಅದು ತೀರಿದ ಪತ್ರ ತರುವವರೆಗೆ ಸಾಲದ ಕಡತವನ್ನು ಮುಂದಕ್ಕೆ ಕಳಿಸಲಿಲ್ಲ. ಹಣ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು ನೆಮ್ಮದಿಯಾಗಿರುವುದು ಲೇಸೆಂದು ನನ್ನ ಅಭಿಪ್ರಾಯ.

ಕರಿಕೋಟು:

ದಾವಣಗೆರೆಯವರ ಆತಂಕ ಸುಳ್ಳಲ್ಲ. ಮೊಬೈಲ್ ಸಂಪರ್ಕದ ಖಾತೆಗಳು ಸಾಲ ಮಾಹಿತಿ ವರದಿಯಲ್ಲಿ ನಿಜವಾಗಿಯೂ ದಾಖಲಾಗುತ್ತವೆ. ಆದರೆ ಅದು ದಾಖಲಾಗಿದೆಯೇ ಎಂದು ನೋಡದೆಯೇ ಹಣ ಕಟ್ಟುವುದು ಅವಸರವಾದೀತು. ದೇಶದಲ್ಲಿರುವ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ತರಿಸಿ ನೋಡಿ. ಬಾಕಿ ಕಾಣಿಸಿದರೆ ಆ ಸಂಸ್ಥೆಯಲ್ಲಿಯೇ ಆಕ್ಷೇಪಣೆ ದಾಖಲಿಸಬಹುದು. 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಹಾಯವಾಣಿಗೆ ಕರೆ ಮಾಡಿ ಮಾತನಾಡಿದ್ದು ದೂರಲ್ಲ. ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಸಿಕ್ಕಾಗ ಮಾತ್ರ ಅದು ದೂರಾಗುತ್ತದೆ. 2012ರ ಟ್ರಾಯ್ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಈ ಸಂಖ್ಯೆಯನ್ನು ಕಂಪನಿ ಕೊಡಲೇಬೇಕು. ಬಿಲ್ಲಿನ ದೂರುಗಳಿಗೆ ಹೆಚ್ಚೆಂದರೆ ಆರು ವಾರಗಳ ಗಡುವಿದೆ. ಅಷ್ಟರಲ್ಲಿ ಪರಿಹಾರ ಸಿಗದಿದ್ದರೆ, ಅಥವಾ ಸಿಕ್ಕಿದ್ದು ಸಮಾಧಾನ ತಾರದಿದ್ದರೆ, 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕವಿಲ್ಲ, ಮೇಲ್ಮನವಿ 39 ದಿನಗಳಲ್ಲಿ ತೀರ್ಮಾನವಾಗಬೇಕು. ಕಂಪನಿಯ ಪ್ರಾಧಿಕಾರ ಕಂಪನಿಯ ಪರವೇ ಅಲ್ಲವೇ ಎಂಬ ಸಂಶಯ ಸಹಜ. ಆದರೆ ಪ್ರಾಧಿಕಾರಕ್ಕೆ ಸಲಹೆ ಕೊಡುವ ಇಬ್ಬರು ಸದಸ್ಯರ ಸಮಿತಿಯಲ್ಲಿ ಒಬ್ಬರು ಗ್ರಾಹಕ ಸಂಘಟನೆಯವರಾಗಿರುತ್ತಾರೆ. ನನ್ನ ಅನುಭವದಲ್ಲಿ, ಅರ್ಜಿ ಸಂಖ್ಯೆಯ ಸಂದೇಶವೊಂದು ಕೈಯಲ್ಲಿದ್ದವರ ಪ್ರಕರಣಗಳು ಬಹುತೇಕ ಈ ಹಂತದಲ್ಲಿಯೇ ಮುಗಿಯುತ್ತವೆ. ಟ್ರಾಯ್‌ಗೆ ನೇರವಾಗಿ ಬರೆದು ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಅದು ವ್ಯಕ್ತಿಗತ ದೂರುಗಳನ್ನು ವಿಚಾರಣೆ ಮಾಡುವ ಸಂಸ್ಥೆಯಲ್ಲ.

ಅದರ ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. ದೂರವಾಣಿ ಬಿಲ್ಲಿನ ವ್ಯಾಜ್ಯಗಳನ್ನು ಗ್ರಾಹಕರ ವೇದಿಕೆಗಳು ಕೇಳುವಂತಿಲ್ಲ ಎಂಬ ಮಾತನ್ನು ಕಂಪನಿಯ ಕಡೆಯವರು ಇಂದಿಗೂ ಹೇಳುವುದುಂಟು. ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2009ರಲ್ಲಿ ಹಾಗೆ ಹೇಳಿದ್ದು ಹೌದು. ಆದರೆ, ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ಲು ಬರುತ್ತಿದ್ದ ಅಹಮದಾಬಾದಿನ ಗ್ರಾಹಕರೊಬ್ಬರಿಗೆ ಒಂದೇ ಅವಧಿಗೆ 24,609 ರೂಪಾಯಿ ಬಿಲ್ಲು ಹಾಕಿದ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠವು 2022ರ ಫೆಬ್ರುವರಿ 16ರಂದು ಗ್ರಾಹಕರ ವೇದಿಕೆಗಳಿಗೆ ಆ ಅಧಿಕಾರವಿದೆ ಎಂದು ಸ್ಪಷ್ಟಪಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಸೇವೆಗಳ ಪಟ್ಟಿಯಲ್ಲಿ ದೂರಸಂಪರ್ಕವನ್ನು ಹೆಸರಿಸಿಯೇ ಹೇಳಿದೆ. ನೀವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ಕಾರವಾರದ ಆಯೋಗದಲ್ಲಿ, ಎರಡು ವರ್ಷಗಳೊಳಗೆ ದೂರು ಹಾಕಬಹುದು, ಬೆಂಗಳೂರಿಗೆ ಹೋಗಬೇಕಾಗಿಲ್ಲ. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ದೂರನ್ನು ಆನ್‌ಲೈನ್ ಮೂಲಕವೂ ಸಲ್ಲಿಸಬಹುದು. ಇಷ್ಟು ದೂರ ಹೋಗುವ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯನ್ನು ಪ್ರಯತ್ನಿಸಿರಿ.

ಠೇವಣಿಯ ಬಗ್ಗೆ ಪ್ರತ್ಯೇಕವಾಗಿ ಬರೆಯಿರಿ. ಸೇವೆ ಮುಚ್ಚಿದ ಮೇಲೆ ಅದನ್ನು ಮರಳಿಸಲು ಮೊದಲು 60 ದಿನಗಳ ಗಡುವಿತ್ತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಅದು 45 ದಿನಕ್ಕೆ ಇಳಿದಿದೆ.

ಘಟ್ಟದ ಮೇಲಿನವಳು:

ಎಲ್ಲರಿಗೂ ಕೃತಜ್ಞತೆಗಳು. ಪ್ಲಾನ್‌ನ ಷರತ್ತುಗಳನ್ನು ತೆಗೆದು ನೋಡಿದೆ. ಪೂರ್ಣ ತಿಂಗಳ ಬಾಡಿಗೆಯ ಷರತ್ತು ಅದರಲ್ಲಿ ಇದೆ. ಹಾಗಾಗಿ ನನ್ನ ಪಾಲಿಗೆ ಉಳಿಯುವುದು 88.82 ರೂಪಾಯಿ ಎಂದಾಯಿತು. ಸಾಲ ಮಾಹಿತಿ ವರದಿಯಲ್ಲಿ ಸದ್ಯಕ್ಕೆ ಏನೂ ಕಾಣಿಸಿಲ್ಲ. ಲೋಕ ಅದಾಲತ್‌ಗೆ ಹೋಗದಿದ್ದರೆ ಬಂಧನವಾಗುತ್ತದೆ ಎಂದು ಏಜೆಂಟ್ ಹೇಳುತ್ತಿದ್ದಾನೆ. ಅರ್ಧ ಹಣ ಕಟ್ಟಿದರೆ ಅಲ್ಲಿಯೇ ಮುಗಿಸಿಕೊಡುತ್ತೇನೆ ಎಂದೂ ಹೇಳುತ್ತಾನೆ. ಇದರಲ್ಲಿ ಎಷ್ಟು ನಿಜ?

ಕರಿಕೋಟು:

ಬಂಧನದ ಮಾತು ಶುದ್ಧ ಬೆದರಿಕೆ. ಮೊಬೈಲ್ ಬಿಲ್ಲಿನ ಬಾಕಿ ಸಿವಿಲ್ ಸ್ವರೂಪದ್ದು. ವ್ಯಾಜ್ಯಪೂರ್ವ ಹಂತದ ಸಾಮಾನ್ಯ ಲೋಕ ಅದಾಲತ್ (ತೀರ್ಪು ಕೊಡಬಲ್ಲ ಖಾಯಂ ಲೋಕ ಅದಾಲತ್ ಅಲ್ಲ) ಎಂದರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ ರಾಜಿಯಾಗುವ ಸ್ಥಳ. ನೀವು ಒಪ್ಪದಿದ್ದರೆ ಅಲ್ಲಿ ನಿಮ್ಮ ವಿರುದ್ಧ ಯಾವ ತೀರ್ಪೂ ಆಗುವುದಿಲ್ಲ. ಆದರೂ ಆ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡಿ. ಅದು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಸಂಸ್ಥೆಯಿಂದಲೇ ಬಂದದ್ದೇ ಎಂದು ಅಲ್ಲಿ ವಿಚಾರಿಸಿರಿ, ಏಕೆಂದರೆ ಏಜೆಂಟರು ತಾವೇ ಅಚ್ಚು ಹಾಕಿಸಿದ ಕಾಗದಗಳನ್ನೂ ಕಳಿಸುವುದುಂಟು. ನಿಜವಾದದ್ದಾಗಿದ್ದರೆ ಹಾಜರಾಗಿ, ಅರ್ಜಿ ಸಂಖ್ಯೆಯ ಸಂದೇಶವನ್ನೂ ಮೇಲಿನ ಲೆಕ್ಕವನ್ನೂ ಲಿಖಿತವಾಗಿ ಕೊಟ್ಟು ಬನ್ನಿ.

ಅರ್ಧ ಹಣದ ರಾಜಿಯನ್ನು ನಾನಂತೂ ಸಲಹೆ ಮಾಡಲಾರೆ. ಅದರಿಂದ ಇಡೀ ಬಾಕಿಯನ್ನು ನೀವೇ ಒಪ್ಪಿಕೊಂಡಂತಾಗುತ್ತದೆ. ಮೇಲಾಗಿ ಖಾತೆ ‘ಸೆಟಲ್ಡ್’ (ಕಡಿಮೆ ಹಣಕ್ಕೆ ರಾಜಿಯಾದದ್ದು) ಎಂದು ವರದಿಯಾದರೆ ಸಾಲ ಕೊಡುವ ಬ್ಯಾಂಕಿಗೆ ಅದು ಹಿತವಾಗಿ ಕಾಣುವುದಿಲ್ಲ. ತಮ್ಮನಿಗೆ ಬರುತ್ತಿರುವ ಕರೆಗಳ ದಿನಾಂಕ, ಸಂಖ್ಯೆ ಬರೆದಿಡಿ. ಬ್ಯಾಂಕುಗಳ ವಸೂಲಿ ಏಜೆಂಟರಿಗೆ ರಿಸರ್ವ್ ಬ್ಯಾಂಕ್ ಹಾಕಿರುವ ಕಟ್ಟುಪಾಡುಗಳು ಮೊಬೈಲ್ ಕಂಪನಿಗೆ ಅನ್ವಯಿಸುವುದಿಲ್ಲವಾದರೂ, ಗ್ರಾಹಕರ ಆಯೋಗದ ಮುಂದೆ ಈ ಕಿರುಕುಳವೇ ಪರಿಹಾರ ಕೇಳಲು ಆಧಾರವಾಗುತ್ತದೆ.

ಹಳೆಯ ಬಿಲ್ ವಿಭಾಗ:

ಒಂದು ಮಾತು ಸೇರಿಸುತ್ತೇನೆ. ಆ 88.82 ರೂಪಾಯಿಯನ್ನು ಏಜೆಂಟನ ಕೈಗೆ ಕೊಡದೆ ಕಂಪನಿಯ ಜಾಲತಾಣದಲ್ಲಿಯೇ ಕಟ್ಟಿರಿ. ಅಂದೇ ಕಂಪನಿಗೆ ಇಮೇಲ್ ಕಳಿಸಿ, ‘ಫೆಬ್ರುವರಿ 17ಕ್ಕೆ ಕೊನೆಗೊಂಡ ಅವಧಿಯ ಬಿಲ್ಲಿಗೆ ಠೇವಣಿಯನ್ನು ಹೊಂದಿಸಿ ಉಳಿದ ಮೊತ್ತವನ್ನು ಪಾವತಿಸಿದ್ದೇನೆ; ಅದರ ನಂತರದ ಬಿಲ್ಲು ಹಾಗೂ ತಡ ಪಾವತಿ ಶುಲ್ಕಕ್ಕೆ ನನ್ನ ಆಕ್ಷೇಪಣೆಯಿದೆ’ ಎಂದು ಡಾಕೆಟ್ ಸಂಖ್ಯೆಯ ಸಮೇತ ಬರೆಯಿರಿ. ಹಾಗೆ ಬರೆಯದೆ ಬರಿದೇ ಕಟ್ಟಿದರೆ ಕಂಪ್ಯೂಟರ್ ಅದನ್ನು 1,413.64ರ ಭಾಗಶಃ ಪಾವತಿ ಎಂದು ಲೆಕ್ಕಕ್ಕೆ ಹಿಡಿದು, ಉಳಿದದ್ದಕ್ಕೆ ಮತ್ತೆ ತಡ ಶುಲ್ಕ ಹಾಕುತ್ತಾ ಹೋಗುತ್ತದೆ.